ಸಿದ್ದೇಶ ಮುಖ ಕೊಟ್ಟ ದಿನ

ಸಿದ್ದೇಶನಿಗೆ ಮಳವಳ್ಳಿಯಿಂದ ಮಂಡ್ಯಕ್ಕೆ ವರ್ಗವಾಗಿತ್ತು. ಆದೇಶ ಟೈಪಾಗಿ ಸಾಹೇಬರ ಮೇಜಿನ ಮೇಲೆ ಕೂತಿತ್ತು. ಸಹಿ ಬೀಳುವುದಕ್ಕೆ ಬಾಕಿ ಇದ್ದದ್ದು ಸಿದ್ದೇಶನ ಮುಖ ಒಂದೇ. ಅದನ್ನು ಮಾತ್ರ ಕೊಡುವುದಿಲ್ಲವೆಂದು ಅವನು ಹಟ ಹಿಡಿದಿದ್ದ.

ವಿಷಯ ಇಷ್ಟೆ. ಇಲಾಖೆಯವರು ನೌಕರರ ಹಾಜರಾತಿಗೆಂದು ‘ಮುಖಮುದ್ರೆ’ ಎಂಬ ಹೊಸ ಆ್ಯಪ್ ತಂದಿದ್ದರು. ಬೆಂಗಳೂರಿನ ‘ಸಹಸ್ರಾಕ್ಷ’ ಎಂಬ ದೊಡ್ಡ ಕಂಪನಿ ಮಾಡಿಕೊಟ್ಟದ್ದು. ಮೊಬೈಲಿಗೆ ಮುಖ ತೋರಿಸಿದರೆ ಅದು ಗುರುತು ಹಿಡಿದು ಹಾಜರಿ ಹಾಕುತ್ತದೆ. ಶುಕ್ರವಾರ ಸಂಜೆ ಐದರೊಳಗೆ ಎಲ್ಲರೂ ತಮ್ಮ ಮುಖ ನೋಂದಾಯಿಸಬೇಕು, ತಪ್ಪಿದವರ ವರ್ಗಾವಣೆ ರದ್ದು ಎಂದು ಸುತ್ತೋಲೆ ಬಂದಿತ್ತು. ಸುತ್ತೋಲೆ ಉಳಿದವರಿಗೆಲ್ಲ ವಾಟ್ಸಾಪಿನಲ್ಲಿ ಸೋಮವಾರವೇ ಸಿಕ್ಕಿತ್ತು. ಸಿದ್ದೇಶ ವಾಟ್ಸಾಪ್ ಇಟ್ಟುಕೊಂಡವನಲ್ಲ. ಅವನಿಗೆ ಅದನ್ನು ಅಟೆಂಡರ್ ಚಿಕ್ಕಮಾದು ಮುದ್ರಿಸಿ, ಮಡಿಸಿ, ಗುರುವಾರ ಸಂಜೆ ಬಸ್ಸು ಹತ್ತುವಾಗ ಕೈಗಿಟ್ಟಿದ್ದ.

ಸಿದ್ದೇಶ ಮಳವಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ. ಅದು ಹೊಟ್ಟೆಪಾಡು. ಆತ್ಮ ಮಾತ್ರ ಮುಕ್ತ ತಂತ್ರಾಂಶದ್ದು. ಬರೆದ ಪ್ರೋಗ್ರಾಮನ್ನು ಬಚ್ಚಿಡಬಾರದು, ಯಾರು ಬೇಕಾದರೂ ಓದಿ, ತಿದ್ದಿ, ಬಳಸಲಿ ಎಂದು ಊರಿಗೆಲ್ಲ ಬಿಟ್ಟುಕೊಡಬೇಕು ಎನ್ನುವವರ ಪಂಥ ಅದು. ರಾತ್ರಿಯೆಲ್ಲ ಕೂತು ಅವನು ಬರೆದು ಇಂಟರ್‌ನೆಟ್ಟಿನಲ್ಲಿ ದಾನ ಮಾಡಿದ ಪ್ರೋಗ್ರಾಮುಗಳು ಹತ್ತಾರಿದ್ದವು. ತೆಗೆದುಕೊಂಡವರು ಯಾರೆಂದು ಅವನಿಗೂ ತಿಳಿಯದು. ಕೊಡುವುದರಲ್ಲಿ ಇಷ್ಟು ಧಾರಾಳಿಯಾದವನು ಸರ್ಕಾರಕ್ಕೂ ಕಂಪನಿಗಳಿಗೂ ತನ್ನ ಹುಟ್ಟಿದ ದಿನಾಂಕವನ್ನೂ ನಿಜ ಹೇಳುತ್ತಿರಲಿಲ್ಲ. ಫೋನಿನ ಕ್ಯಾಮೆರಾ ಕಣ್ಣಿಗೆ ಗಾಯದ ಪಟ್ಟಿ ಅಂಟಿಸಿದ್ದ. ‘ಮಂಡ್ಯ ಮುಕ್ತ ತಂತ್ರಾಂಶ ಬಳಗ’ ಎಂಬ ಸಂಘವನ್ನೂ ಕಟ್ಟಿದ್ದ. ಅದರ ಸದಸ್ಯರ ಸಂಖ್ಯೆ ಎರಡು: ಒಬ್ಬ ಇವನು, ಇನ್ನೊಬ್ಬ ಮದ್ದೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಅಂಬರೀಶ್. ಭಾನುವಾರ ಇಬ್ಬರೂ ಸೇರಿದಾಗ ಫೋನುಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಆಮೇಲೆ ಮಾತಿಗೆ ಕೂರುತ್ತಿದ್ದರು. ಅಷ್ಟು ಗುಟ್ಟಾಗಿ ಅವರು ಆಡುತ್ತಿದ್ದ ಮಾತು ಸಹಸ್ರಾಕ್ಷದವರ ಕಿವಿಗೆ ಬಿದ್ದಿದ್ದರೆ ಅವರು ಆಕಳಿಸಿ ಮಲಗುತ್ತಿದ್ದರು.

“ಇವತ್ತು ಆರ್ಡರ್ ಇಸ್ಕಂಡೇ ಬತ್ತೀರಿ ತಾನೇ?” ಎಂದಳು ಹೆಂಡತಿ ಅರುಂಧತಿ, ಶುಕ್ರವಾರ ಬೆಳಿಗ್ಗೆ ಟಿಫನ್ ಡಬ್ಬಿ ಕೊಡುತ್ತಾ. ಅವಳಿಗೆ ಏಳು ತಿಂಗಳು ತುಂಬಿತ್ತು. ನಾಲ್ಕು ವರ್ಷದಿಂದ ಗಂಡ ಕತ್ತಲಿರುವಾಗ ಮಂಡ್ಯ ಬಿಟ್ಟು, ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿ ಮುಟ್ಟಿ, ಮತ್ತೆ ಕತ್ತಲಾದ ಮೇಲೆ ಮನೆ ಸೇರುವುದನ್ನು ನೋಡಿ ಅವಳಿಗೂ ಸಾಕಾಗಿತ್ತು. ಮಗು ಬರುವ ಹೊತ್ತಿಗೆ ಮನೆಯಲ್ಲಿ ಗಂಡ ಎಂಬುದೊಂದು ಇರಲಿ ಎಂಬುದಷ್ಟೇ ಅವಳ ಆಸೆ.

“ಆರ್ಡರ್ ಇಸ್ಕತೀನಿ. ಮುಖ ಕೊಡಲ್ಲ.”

“ಎರಡೂ ಎಂಗಾಯ್ತದೆ?”

“ನಿಂಗೆ ಗೊತ್ತಾಗಲ್ಲ ಸುಮ್ಕಿರು. ಒಂದ್ಸಲ ಮುಖ ಕೊಟ್ರೆ ಮುಗೀತು. ಆ ಕಂಪ್ನಿಯವ್ರು ಅದನ್ನ ಎಲ್ಲೆಲ್ಲಿ ಮಾರ್ಕತಾರೋ ಯಾರ್ ಕಂಡವ್ರೆ?”

“ನಿಮ್ ಮುಖಾನ ಯಾರ್ರೀ ಕೊಂಡ್ಕತಾರೆ? ಎಣ್ ನೋಡಕ್ಕೆ ಬಂದಾಗ ನಾನೇ ಎರಡು ದಿನ ಟೈಮ್ ಕೇಳಿದ್ದೆ.”

ಸಿದ್ದೇಶ ಚಪ್ಪಲಿ ಮೆಟ್ಟಿದ. ತತ್ವದ ಮಾತಿಗೆ ಮನೆಯಲ್ಲಿ ಬೆಲೆ ಇಲ್ಲವೆಂಬುದು ಅವನಿಗೆ ಹಳೆಯ ಸಂಗತಿ.

ಬಸ್ಸು ಹನಕೆರೆ ದಾಟುವಾಗ ಅವನು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಅರ್ಜಿ ಬರೆಯತೊಡಗಿದ. ಮದ್ದೂರಿನಲ್ಲಿ ಇನ್ನೊಂದು ಬಸ್ಸು ಹತ್ತಿ ಮಳವಳ್ಳಿ ಸೇರುವಷ್ಟರಲ್ಲಿ ಅದು ನಾಲ್ಕು ಪುಟವಾಯಿತು. ಆ್ಯಪಿನ ಒಳಗೆ ಏನು ಬರೆದಿದೆಯೋ ಅದನ್ನು ಮೊದಲು ನನಗೆ ತೋರಿಸಿ, ಓದಿ ಒಪ್ಪಿಗೆಯಾದ ಮೇಲೆ ನಾನು ಮುಖ ತೋರಿಸುತ್ತೇನೆ, ಅಲ್ಲಿಯವರೆಗೆ ಹಳೇ ಹಾಜರಿ ಪುಸ್ತಕದಲ್ಲೇ ಸಹಿ ಮಾಡಲು ಬಿಡಬೇಕು ಎಂಬುದು ಅದರ ಸಾರ.

ಕಚೇರಿಯ ಸಾಹೇಬರು ಪುಟ್ಟಸ್ವಾಮಿ. ಅರ್ಜಿಯ ಮೊದಲ ಪುಟವನ್ನು ಓದಿ ಉಳಿದ ಮೂರನ್ನು ತೂಕ ನೋಡಿ ಕೆಳಗಿಟ್ಟರು.

“ಒಳಗೆ ಏನೈತೆ ಅಂತ ನಂಗೇನಯ್ಯಾ ಗೊತ್ತು? ಈ ಕಚೇರಿ ಬೀರು ಒಳಗೆ ಏನೈತೆ ಅಂತ್ಲೇ ನಂಗೆ ಗೊತ್ತಿಲ್ಲ.”

“ಅದಕ್ಕೇ ಸಾರ್ ಅರ್ಜಿ. ಮೇಲಿನೋರಿಗೆ ಕಳ್ಸಿ.”

“ಕಳ್ಸಬೌದು. ಆದ್ರೆ ಈ ತಿಂಗ್ಳಿಂದ ನೌಕರರ ಅರ್ಜಿಗಳೆಲ್ಲ ಮುಖಮುದ್ರೆಯಲ್ಲೇ ಹಾಕ್ಬೇಕು. ಮುಖ ತೋರ್ಸು, ಅದು ತಗೋತದೆ. ಆಮೇಲೆ ಮುಖ ತೋರ್ಸಲ್ಲ ಅಂತ ಅರ್ಜಿ ಹಾಕು. ನಂದೇನೂ ಅಭ್ಯಂತರ ಇಲ್ಲ.”

ಸಿದ್ದೇಶ ಅರ್ಜಿ ಮಡಿಸಿಕೊಂಡು ಹೊರಗೆ ಬಂದ. ಅಲ್ಲಿ ಯಶೋದಮ್ಮ ಕಾಯುತ್ತಿದ್ದರು. ಕಚೇರಿಯ ಹಿರಿಯ ಗುಮಾಸ್ತೆ ಅವರು. ಸೋಮವಾರವೇ ತಲೆ ಬಾಚಿ, ಪೌಡರ್ ಹಾಕಿ, ಮಲ್ಲಿಗೆ ಮುಡಿದು ಮುಖ ಕೊಟ್ಟು ಕೂತಿದ್ದವರು. ಅವರ ಮನೆಯೂ ಮಂಡ್ಯದಲ್ಲೇ. ವರ್ಗ ಕೇಳಿ ಆರು ವರ್ಷವಾಗಿದ್ದರೂ ಅವರಿಗೆ ಸಿಕ್ಕಿರಲಿಲ್ಲ. ಸಿಕ್ಕಿದವನು ಬೇಡ ಎನ್ನುವಂತೆ ಆಡುವುದನ್ನು ನೋಡಿದರೆ ಯಾರ ಹೊಟ್ಟೆಯಾದರೂ ಉರಿಯದೆ ಇರುತ್ತದೆಯೇ?

“ಯಾಕಪ್ಪಾ ಸಿದ್ದೇಶ, ಮುಖ ತೋರ್ಸಕ್ಕೆ ಎದ್ರಿಕೆ? ಏನಾರ ಕೇಸು ಗೀಸು ಐತಾ?”

“ಕೇಸಲ್ಲ ಮೇಡಂ, ತತ್ವ.”

“ಅದ್ಯಾವ ಕಾಯ್ದೆ ಕೆಳಗೆ ಬತ್ತದೆ?” ಎಂದರು ಅವರು, ನಿಜವಾದ ಕಾಳಜಿಯಿಂದ.

ಹನ್ನೊಂದರ ಹೊತ್ತಿಗೆ ಸಿದ್ದೇಶನ ಮೇಲೆ ಕೇಸಿದೆ ಎಂಬ ಸುದ್ದಿ ಕಚೇರಿ ತುಂಬ ಹರಡಿತು. ಹನ್ನೆರಡಕ್ಕೆ ಅದು ಕ್ಯಾಂಟೀನ್ ಮುಟ್ಟಿ, ಚಾಮರಾಜನಗರದ ಕಡೆ ಅವನಿಗೆ ಇನ್ನೊಂದು ಸಂಸಾರ ಇದೆ, ಮುಖ ಕೊಟ್ಟರೆ ಎರಡೂ ಕಡೆ ಗೊತ್ತಾಗಿಬಿಡುತ್ತದೆ ಎಂದು ಬೆಳೆಯಿತು. ಟೀ ಕುಡಿಯಲು ಹೋದ ಸಿದ್ದೇಶನನ್ನು ಕ್ಯಾಂಟೀನಿನವನು ಗೌರವದಿಂದ ನೋಡಿದ.

ಚಿಕ್ಕಮಾದುವಿಗೆ ಪಾಪ ಅನ್ನಿಸಿತು. “ಸಾ, ನಿಮ್ದು ಬ್ಯಾಡ ಅಂದ್ರೆ ನಂದೇ ಕೊಡ್ತೀನಿ ಬುಡಿ. ಅದಕ್ಕೆ ಒಂದು ಮುಖ ಆಗ್ಬೇಕು ತಾನೇ?” ಎಂದು ಕಚೇರಿಯ ಟ್ಯಾಬನ್ನು ತಂದು ಸಿದ್ದೇಶನ ಹೆಸರಿನ ಮುಂದೆ ತನ್ನ ಮುಖ ಹಿಡಿದ. ಟ್ಯಾಬು ಕಿರುಚಿಕೊಂಡು, ಚಿಕ್ಕಮಾದು ಆಗಲೇ ಇದ್ದಾನೆ, ಇನ್ನೊಬ್ಬ ಬೇಡ ಎಂದು ಕೆಂಪು ಅಕ್ಷರದಲ್ಲಿ ಹೇಳಿತು. ಅದರ ಜೊತೆಗೆ ‘ವಂಚನೆ ಯತ್ನ: ಒಂದು’ ಎಂದು ಸಿದ್ದೇಶನ ಖಾತೆಗೆ ಬರೆದುಕೊಂಡಿತು.

ಈಗ ಸಿದ್ದೇಶನಿಗೆ ಧೈರ್ಯ ಬೇಕಾಯಿತು. ಹಿತ್ತಲಿನ ಹೊಂಗೆ ಮರದ ಕೆಳಗೆ ನಿಂತು ಅಂಬರೀಶನಿಗೆ ಫೋನು ಮಾಡಿದ.

“ಅಂಬರೀಶ, ಎಲ್ರೂ ಒಂದಾಗವ್ರೆ ಕಣ್ಲಾ. ನಾನೊಬ್ನೇ ನಿಂತಿವ್ನಿ.”

“ನಿಂತ್ಕೊ ಕಣ್ಲಾ, ಬಗ್ಬೇಡ. ಆಮೇಲೆ ಮಾತಾಡನ, ಅಂಗ್ಡೀಲಿ ಬಾರಿ ಜನ.”

“ಏನ್ಲಾ ಅಷ್ಟು ಜನ?”

ಅಂಬರೀಶ್ ದನಿ ತಗ್ಗಿಸಿದ. “ಮುಖಮುದ್ರೆ ಹಾಕಿಸ್ಕಳಕ್ಕೆ ಬಂದವ್ರೆ. ಮದ್ದೂರಿಗೆಲ್ಲ ನಮ್ಮದೇ ಸೆಂಟ್ರು. ಒಟ್ಟೆಪಾಡು ಕಣ್ಲಾ... ಅಮ್ಮ, ಒಸಿ ಕತ್ತೆತ್ತಿ, ನೆರಳು ಬೀಳ್ತದೆ!”

ಸಂಘದ ಅರ್ಧ ಭಾಗ ಹೀಗೆ ಕಳಚಿಕೊಂಡಿತು. ಸಿದ್ದೇಶನಿಗೆ ಅಳು ಬರುವಂತಾಯಿತು. ಕಂಪನಿಗಳು ದೇಶವನ್ನೇ ನುಂಗುತ್ತವೆಂದು ಅವನು ನಂಬಿದ್ದ, ಅವುಗಳ ತುತ್ತು ಜೆರಾಕ್ಸ್ ಅಂಗಡಿಯಿಂದ ಶುರುವಾಗುತ್ತದೆಂದು ಎಣಿಸಿರಲಿಲ್ಲ.

ಫೋನು ಕಿಸೆಗಿಡುವ ಮೊದಲೇ ಅದು ಮತ್ತೆ ಬಡಿದುಕೊಂಡಿತು. ಅರುಂಧತಿ.

“ಯಶೋದಮ್ಮೋರು ಫೋನ್ ಮಾಡಿದ್ರು. ನಿಮ್ಗೆ ಇನ್ನೊಂದು ಸಂಸಾರ ಐತಂತೆ?”

“ಅಯ್ಯೋ, ಇರೋ ಒಂದು ಸಂಸಾರಕ್ಕೆ ಓಯ್ತಾ ಬತ್ತಾ ನಾಲ್ಕ್ ಗಂಟೆ ಬಸ್ಸಲ್ಲೇ ಕಳೀತೀನಿ. ಇನ್ನೊಂದ್ ಎಲ್ಲಿಂದ ಮಾಡ್ಲೇ?”

“ಅದು ನಂಗೂ ಗೊತ್ತು. ಇನ್ನೊಂದು ಸಂಸಾರಕ್ಕೆ ನೀವು ಆಳಲ್ಲ. ಕೇಳಿ ಇಲ್ಲಿ. ಆರ್ಡರ್ ಇಲ್ದೆ ಬಂದ್ರೆ ನಾಳೆನೇ ನಾನು ಕೊತ್ತತ್ತಿಗೆ ಅಪ್ಪನ ಮನೆಗೆ ಓಯ್ತೀನಿ. ಮಗು ಉಟ್ಟಿದ್ ಮೇಲೆ ಅದ್ರ ಮುಖಾನೂ ನಿಮ್ಗೆ ತೋರ್ಸಲ್ಲ. ಯಾರ್ಗಂದ್ರೆ ಅವ್ರಿಗೆ ಮುಖ ತೋರ್ಸಬಾರ್ದು ಅಂತ ನೀವೇ ತಾನೇ ಏಳೋದು?”

ತನ್ನ ವಾದ ಇಷ್ಟು ಸ್ಪಷ್ಟವಾಗಿ ಬೇರೆಯವರ ಬಾಯಲ್ಲಿ ಕೇಳಿದ್ದು ಸಿದ್ದೇಶನಿಗೆ ಅದೇ ಮೊದಲು. ನಾಲ್ಕೂವರೆಯವರೆಗೆ ಅವನು ಮರಕ್ಕೆ ಒರಗಿ ನಿಂತಿದ್ದ. ಆಮೇಲೆ ಒಳಗೆ ಬಂದು ಸಾಹೇಬರ ಕೋಣೆಯಲ್ಲಿ ಕನ್ನಡಕ ತೆಗೆದು, “ತಗೊಳಿ” ಎಂದ. ಸೋತಿದ್ದೇನೆಂದು ಅವನಿಗೆ ಗೊತ್ತಿತ್ತು, ನಾಚಿಕೆಯೂ ಆಗಿತ್ತು. ಆದರೆ ಮಗುವಿನ ಮುಖದ ಮುಂದೆ ತನ್ನ ಮುಖ ದೊಡ್ಡದಲ್ಲ ಎನ್ನಿಸಿತ್ತು.

ಪುಟ್ಟಸ್ವಾಮಿಯವರು ಆದೇಶವನ್ನು ಮುಂದಕ್ಕೆಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಚಿಕ್ಕಮಾದು ಟ್ಯಾಬು ಹಿಡಿದ. ಯಶೋದಮ್ಮ ಬಾಗಿಲಲ್ಲಿ ನಿಂತರು. ಇಡೀ ದಿನದ ಬೆವರಿಗೆ ಸಿದ್ದೇಶನ ಮುಖ ಮಿರಮಿರ ಮಿಂಚುತ್ತಿತ್ತು. ಟ್ಯಾಬು ಮೂರು ಸಲ ನೋಡಿ ಮೂರು ಸಲವೂ ಬೇಡವೆಂದಿತು. ನಾಲ್ಕನೆಯ ಸಲ, ಆ ಕಚೇರಿಯಲ್ಲಿ ಅದುವರೆಗೆ ಯಾರಿಗೂ ಕಾಣದಿದ್ದ ಒಂದು ಸೂಚನೆ ಪರದೆಯ ಮೇಲೆ ಮೂಡಿತು. ಚಿಕ್ಕಮಾದು ಗಟ್ಟಿಯಾಗಿ ಓದಿದ:

“‘ಮೂತಿ ಸರಿಯಾಗಿ ಕಾಣುತ್ತಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಹಗ್ಗವನ್ನು ಗಿಡ್ಡವಾಗಿ ಹಿಡಿದು ಮತ್ತೆ ಪ್ರಯತ್ನಿಸಿ.’”

“ಸರ್ಕಾರದೋರು ಈ ಮಟ್ಟಕ್ಕೆ ಇಳಿದ್ರಾ?” ಎಂದರು ಯಶೋದಮ್ಮ. ಚಿಕ್ಕಮಾದು ಹೇಳಿದ್ದನ್ನು ಮಾಡುವ ಮನುಷ್ಯ. ಮೇಜು ಒರೆಸುವ ಬಟ್ಟೆಯನ್ನು ಒದ್ದೆ ಮಾಡಿ ಸಿದ್ದೇಶನ ಮುಖ ತಿಕ್ಕಿ, ಹಗ್ಗವಿಲ್ಲದ್ದರಿಂದ ಅವನ ಕಾಲರು ಹಿಡಿದು ಟ್ಯಾಬಿನ ಮುಂದೆ ನಿಲ್ಲಿಸಿದ. ಟ್ಯಾಬು ಕಿಣಿಕಿಣಿ ಎಂದಿತು. ‘ನೋಂದಣಿ ಯಶಸ್ವಿ.’ ಗಂಟೆ ನಾಲ್ಕು ಐವತ್ತು. ಪೆನ್ನು ಕಾಗದಕ್ಕೆ ಇನ್ನೇನು ತಾಗಬೇಕು, ಸಿದ್ದೇಶ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಆ ರಾತ್ರಿಯೇ ಅವನು ಮಂಡ್ಯದ ನೌಕರ.

ಆದರೆ ಆ ವಾಕ್ಯ ಅವನದು. ಮೂರು ವರ್ಷದ ಹಿಂದೆ ಮಾವ ಅಂಕಯ್ಯನವರು ತಮ್ಮೂರ ಹಾಲಿನ ಡೇರಿಗೆಂದು ಒಂದು ಉಪಕಾರ ಕೇಳಿದ್ದರು. ವಿಮೆ ಮಾಡಿಸಿದ ಹಸು ಒಂದು, ಸತ್ತಿತೆಂದು ತೋರಿಸುವ ಹಸು ಇನ್ನೊಂದು ಆಗಿ ಊರಲ್ಲಿ ಜಗಳವಾಗುತ್ತಿತ್ತು. ಹಸುವಿನ ಮೂತಿಯ ಗೆರೆಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಅದರಿಂದ ಗುರುತು ಹಿಡಿಯುವ ‘ಗೋಮುಖ’ ಎಂಬ ಪ್ರೋಗ್ರಾಮನ್ನು ಸಿದ್ದೇಶ ಆರು ತಿಂಗಳು ನಿದ್ದೆಗೆಟ್ಟು ಬರೆದು, ಲೋಕಕ್ಕೆ ಉಪಯೋಗವಾಗಲಿ ಎಂದು ಇಂಟರ್‌ನೆಟ್ಟಿಗೆ ಬಿಟ್ಟಿದ್ದ. ಲೋಕದ ಬದಲು ಸಹಸ್ರಾಕ್ಷದವರು ಎತ್ತಿಕೊಂಡು, ಹಸುವನ್ನು ಅಳಿಸಿ ನೌಕರನನ್ನು ಹಾಕಿದ್ದರು. ಈ ಒಂದು ಸೂಚನೆಯನ್ನು ಬದಲಿಸುವುದಕ್ಕೆ ಮರೆತಿದ್ದರು.

ಟ್ಯಾಬಿನ ಪರದೆಯ ತಳದಲ್ಲಿ ‘ಸಹಸ್ರಾಕ್ಷದ ಸ್ವಂತ ಸಂಶೋಧನೆ’ ಎಂದು ಬರೆದಿತ್ತು. ಅದನ್ನು ಕಂಡದ್ದೇ ಸಿದ್ದೇಶನ ಮೈ ಉರಿದುಹೋಯಿತು.

“ಸಾರ್! ಇದು ನಂದು!” ಎಂದು ಟ್ಯಾಬು ಕಿತ್ತುಕೊಂಡು, ಮೂಲ ಬರೆದವರ ಹೆಸರು ಹಾಕಲೇಬೇಕಾದ, ಯಾರೂ ಯಾವತ್ತೂ ತೆರೆಯದ ಪರವಾನಗಿಯ ಪುಟ ತೆರೆದ. ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಅವನ ಹೆಸರು ಇದ್ದೇ ಇತ್ತು. ಸಿದ್ದೇಶ, ಮಂಡ್ಯ. ಅವನ ಕಣ್ಣಲ್ಲಿ ನೀರು ಬಂತು. ಮೂರು ವರ್ಷದಲ್ಲಿ ತಾನು ಬರೆದದ್ದನ್ನು ಗುರುತಿಲ್ಲದವರು ಬಳಸಿದ್ದು ಅವನು ಕಣ್ಣಾರೆ ಕಂಡದ್ದು ಇದೇ ಮೊದಲು.

“ಕಂಪ್ನಿಯವ್ರು ಕದ್ದವ್ರಾ?” ಎಂದರು ಪುಟ್ಟಸ್ವಾಮಿ.

“ಇಲ್ಲ ಸಾರ್. ಯಾರು ಬೇಕಾದ್ರೂ, ಯಾವುದಕ್ಕೆ ಬೇಕಾದ್ರೂ ಬಳಸ್ಕೊಳಿ ಅಂತ ನಾನೇ ಬರ್ಕೊಟ್ಟಿದೀನಿ.”

“ಅಂದ್ರೆ ಇದು ಕೆಟ್ರೆ ನಿಂಗೆ ರಿಪೇರಿ ಬತ್ತದೆ?”

“ಇದರ ಒಂದೊಂದು ಸಾಲೂ ನಂಗೆ ಬಾಯಿಪಾಠ ಸಾರ್!” ಎಂದು ಸಿದ್ದೇಶ ಎದೆಯುಬ್ಬಿಸಿದ.

ಪುಟ್ಟಸ್ವಾಮಿಯವರು ಪೆನ್ನಿನ ಮುಚ್ಚಳ ಹಾಕಿದರು. ಜಿಲ್ಲಾ ಕಚೇರಿಗೆ ಫೋನು ಮಾಡಿ ಎರಡು ನಿಮಿಷ ಮಾತಾಡಿದರು. ಮುಖಮುದ್ರೆ ತಾಲ್ಲೂಕಿನ ಅರ್ಧ ಊರುಗಳಲ್ಲಿ ಕೆಟ್ಟು ಕೂತಿತ್ತು, ಕಂಪನಿಯವರು ಫೋನು ಎತ್ತುತ್ತಿರಲಿಲ್ಲ, ಸರಿ ಮಾಡುವವನಿಗಾಗಿ ಮೇಲಿನವರು ಹುಡುಕುತ್ತಿದ್ದರು. ರಿಸೀವರ್ ಇಟ್ಟು ಸಾಹೇಬರು ಎದ್ದು ನಿಂತು ಸಿದ್ದೇಶನ ಕೈ ಕುಲುಕಿದರು.

“ಅದೃಷ್ಟವಂತ ಕಣಯ್ಯ ನೀನು. ಮಳವಳ್ಳಿ ತಾಲ್ಲೂಕಿಗೆಲ್ಲ ಮುಖಮುದ್ರೆಯ ನೋಡಲ್ ಅಧಿಕಾರಿ! ಸೋಮವಾರ ಪೂರಿಗಾಲಿಯಿಂದ ಶುರು ಮಾಡು. ಮುಖ ಕೊಡಲ್ಲ ಅನ್ನೋರು ಅಲ್ಲಿ ಇಬ್ರವ್ರಂತೆ, ಒಪ್ಪಿಸು. ಇಂಥೋನ್ನ ತಾಲ್ಲೂಕು ಬಿಟ್ಟು ಕಳ್ಸಕ್ಕಾಯ್ತದಾ? ಸಾರ್ವಜನಿಕ ಹಿತದೃಷ್ಟಿಯಿಂದ ನಿನ್ ವರ್ಗ ತಡೆ ಹಿಡಿದವ್ರೆ.”

“ಸಾರ್, ಮಂಡ್ಯದ ಜಾಗ...”

“ಅದನ್ನ ಖಾಲಿ ಬಿಡಂಗಿಲ್ವಲ್ಲ. ಯಶೋದಮ್ಮ, ನಿಮ್ ಅರ್ಜಿ ಆರು ವರ್ಷದಿಂದ ಇತ್ತಲ್ವಾ?”

ಯಶೋದಮ್ಮ ಆಗಲೇ ಆದೇಶದಲ್ಲಿ ಸಿದ್ದೇಶನ ಹೆಸರಿನ ಮೇಲೆ ಬಿಳಿ ಬಣ್ಣ ಹಚ್ಚಿ ಊದುತ್ತಿದ್ದರು.

ಐದೂ ಕಾಲಿಗೆ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಿದ್ದೇಶ ಮನೆಗೆ ಫೋನು ಮಾಡಿದ.

“ಆರ್ಡರ್ ಆಯ್ತಾ?” ಎಂದಳು ಅರುಂಧತಿ.

“ಆಯ್ತು.”

“ಯಾವತ್ತಿಂದ ಮಂಡ್ಯ?”

“ಸೋಮವಾರದಿಂದ... ಯಶೋದಮ್ಮೋರಿಗೆ.” ಆಮೇಲೆ ಹಸುವಿನಿಂದ ಹಿಡಿದು ನೋಡಲ್ ಅಧಿಕಾರಿಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

“ಪ್ರೋಗ್ರಾಮ್ ಬರ್ದು ಊರೋರ್ಗೆಲ್ಲ ಬಿಟ್ಟಿ ಕೊಟ್ರಿ, ಓಗ್ಲಿ ಅಂತ ಸುಮ್ಕಿದ್ದೆ,” ಎಂದಳು ಅವಳು ಎಲ್ಲ ಕೇಳಿ. “ಟ್ರಾನ್ಸ್‌ಫರ್ರೂ ಬಿಟ್ಟಿ ಕೊಟ್ಬುಟ್ರಲ್ರೀ!”

ಸಿದ್ದೇಶ ಏನೋ ಹೇಳಲು ಹೋದ. ಅಷ್ಟರಲ್ಲಿ ಅವಳು ಬಟ್ಟೆ ತುಂಬಿಸಲು ಬ್ಯಾಗು ಇಳಿಸುವ ಸದ್ದು ಕೇಳಿಸಿತು, ಫೋನು ಕಟ್ಟಾಯಿತು.