ನಲವತ್ತರ ಮೊಡವೆಗೆ ಅವ್ವನ ಹರಳೆಣ್ಣೆ

ನಲವತ್ತರ ಹತ್ತಿರ ಬಂದ ಗಂಡಸಿಗೆ ಯಾವ ಕಾಯಿಲೆ ಬರಬೇಕು ಎಂಬುದು ನಮ್ಮಲ್ಲಿ ಹೆಚ್ಚುಕಡಿಮೆ ತೀರ್ಮಾನವಾಗಿಬಿಟ್ಟಿದೆ. ಶುಗರ್ ಬರಬಹುದು, ಬೀಪಿ ಬರಬಹುದು, ಸೊಂಟ ಹಿಡಿದುಕೊಳ್ಳಬಹುದು. ಶುಗರ್ ಬಂದವನನ್ನು ಮದುವೆಮನೆಯಲ್ಲಿ, 'ಪಾಪ, ಇವರಿಗೆ ಪಾಯಸ ಬಡಿಸಬೇಡಿ' ಎಂದು ಗೌರವದಿಂದ ನೋಡಿಕೊಳ್ಳುತ್ತಾರೆ. ಆದರೆ ಮೊಡವೆ ಬಂದರೆ ಪಾಪ ಎನ್ನುವವರು ಒಬ್ಬರೂ ಇಲ್ಲ. ಕಾಲೇಜಿನ ದಿನಗಳಲ್ಲಿ ಬಂದು ಹೋಗಬೇಕಾದದ್ದು ಆಗ ಬರದೆ, ಕೂದಲೆಲ್ಲ ಉದುರಿ ನನ್ನ ಹಣೆ ನಡುನೆತ್ತಿಯವರೆಗೂ ವಿಸ್ತಾರವಾದ ಮೇಲೆ, ಇಷ್ಟೊಂದು ಜಾಗ ಖಾಲಿ ಬಿದ್ದಿದೆಯಲ್ಲ ಎಂದು ನೋಡಿಕೊಂಡು ಬಂತು.

ಆಗ ನಾನು ಹಾರೋಹಳ್ಳಿ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕನಕಪುರದಿಂದ ದಿನಾ ಬೈಕಿನಲ್ಲಿ, ಕಲ್ಲಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹೋಗಿಬರುವುದು. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ಮೊದಲೇ ನಿಂತಲ್ಲಿ ನಿಲ್ಲದವನು ನಾನು. ಈಗ ಕೈಗೂ ಒಂದು ಕೆಲಸ ಸಿಕ್ಕಿತು. ಮಾತಾಡುತ್ತ ಹಣೆ ಮುಟ್ಟುವುದು, ಮುಟ್ಟಿದ್ದನ್ನು ಕೆರೆಯುವುದು, ಕಂಡ ಕನ್ನಡಿಯಲ್ಲೆಲ್ಲ ಇಣುಕುವುದು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಸಾತನೂರು ಬಸ್ಸಿನ ಗಾಜಿಗೆ ಮುಖವಿಟ್ಟು ನೋಡಿಕೊಳ್ಳುತ್ತಿದ್ದಾಗ, ಒಳಗಿದ್ದ ಹೆಂಗಸು ಗಾಜು ಸರಿಸಿ, "ಯಾರ್ ಬೇಕಾಗಿತ್ತಣ್ಣ?" ಎಂದು ಕೇಳಿದಳು. ಯಾರೂ ಬೇಡವೆಂದು ಓಡಿಬಂದೆ.

ಕಾರಣ ಹೇಳುವವರಿಗೇನೂ ಬರವಿರಲಿಲ್ಲ. ಮೆಡಿಕಲ್ ಸ್ಟೋರಿನವನು ರಕ್ತ ಕೆಟ್ಟಿದೆ ಎಂದು ಒಂದು ಟ್ಯೂಬು ಕೊಟ್ಟ. ಹಚ್ಚಿದೆ, ಮುಖ ಕೆಲವು ದಿನ ಮಿಂಚಿ, ಆಮೇಲೆ ಎರಡರಷ್ಟು ಎದ್ದಿತು. ಮೆಷಿನ್ನಿನ ಹುಡುಗರು ಕಿಸಿಕಿಸಿ ನಗುತ್ತ, "ನಿಮ್ಮುನ್ನ ಯಾರೋ ನೆನೆಸ್ಕೊತಾವ್ರೆ ಸಾ" ಎಂದರು. ಇದನ್ನು ತಮಾಷೆಯೆಂದು ಮನೆಗೆ ಬಂದು ಹೆಂಡತಿಗೆ ಹೇಳಿದ್ದು ನನ್ನ ದಡ್ಡತನ. ಸುಮಿತ್ರ ನಗಲಿಲ್ಲ. "ಯಾರಂತೆ ಅವ್ಳು?" ಎಂದು ಕೇಳಿ ತಟ್ಟೆಯನ್ನು ಕುಕ್ಕಿದಳು.

ಅವ್ವನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. "ರಾತ್ರಿ ಎಲ್ಲ ನಿದ್ದೆಗೆಟ್ಟು ಉಷ್ಣ ನೆತ್ತಿಗೇರ್ಯದೆ ಕಣ್ಲಾ ಮಗ. ಕೂತ್ಕೊ ಬಾ" ಎಂದು, ನೆತ್ತಿಯ ಮೇಲೆ ಹರಳೆಣ್ಣೆ ಸುರಿದು ತಪತಪ ತಟ್ಟುವಳು. ಕೂದಲಿದ್ದ ತಲೆಯಾದರೆ ಹೀರಿಕೊಳ್ಳುತ್ತಿತ್ತೇನೋ. ನನ್ನದರಲ್ಲಿ ಅದು ನೆಟ್ಟಗೆ ಹಣೆಗಿಳಿಯುತ್ತಿತ್ತು. ಅದರ ಮೇಲೆ ಹೆಲ್ಮೆಟ್ಟು, ಬಿಸಿಲು, ಬೆವರು. ಮೊಡವೆ ಹೆಚ್ಚಿದರೆ ಉಷ್ಣ ಹೆಚ್ಚಿದೆ ಎಂದು ಅರ್ಥ. ಉಷ್ಣ ಹೆಚ್ಚಿದರೆ ಎಣ್ಣೆಯೂ ಹೆಚ್ಚು.

ಕೊನೆಗೆ ಭಾನುವಾರ ಬೆಂಗಳೂರಿನಿಂದ ಬರುವ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಹಣೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನನ್ನ ತೊಡೆಯ ಮೇಲಿದ್ದ ಹೆಲ್ಮೆಟ್ಟಿನ ಒಳಗನ್ನು ನೋಡಿದರು. "ದೊಡ್ಡವರಿಗೂ ಬರುತ್ತೆ, ನಾಚಿಕೆ ಏನಿಲ್ಲ. ನಿದ್ದೆಗೇಡು, ಟೆನ್ಷನ್, ಆ ಟ್ಯೂಬು, ಎಲ್ಲ ಸೇರಿಕೊಂಡಿವೆ. ಮೊದಲು ಈ ಎಣ್ಣೆ ನಿಲ್ಲಿಸಿ. ಕೈ ಕೆಳಗಿಡಿ!" ಎಂದರು. ಕೈ ಆಗಲೇ ಹಣೆಯ ಮೇಲಿತ್ತು.

ಎಣ್ಣೆ ನಿಲ್ಲಿಸುವುದೇನು ಮಹಾ? ಅವ್ವನಿಗೆ ಹೇಳುವುದೇ ಕಷ್ಟ. ಹೊಲ, ಹಿಪ್ಪುನೇರಳೆ, ಎಮ್ಮೆ ಎಂದು ದುಡಿದ ಕೈ ಅದು. ನಮ್ಮ ಮನೆಗೆ ಬಂದ ಮೇಲೆ ರುಬ್ಬುವುದಕ್ಕೆ ಮಿಕ್ಸಿ, ಹಾಲಿಗೆ ಪ್ಯಾಕೆಟ್ಟು, ಅಡುಗೆಗೆ ಸೊಸೆ. ಉಳಿದಿದ್ದು ನನ್ನ ತಲೆಯೊಂದೇ. ನಿನ್ನ ಮದ್ದೇ ನನ್ನ ಕಾಯಿಲೆ ಎಂದು ಅವಳಿಗೆ ಹೇಗೆ ಹೇಳಲಿ? ಹೆದರಿದೆ. ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು, ದಾರಿಯಲ್ಲಿ ಬೋರ್‌ವೆಲ್ ಬಳಿ ಬೈಕು ನಿಲ್ಲಿಸಿ ಸೋಪು ಹಾಕಿ ತೊಳೆದುಕೊಂಡು ಹೋಗತೊಡಗಿದೆ. ದಿನ ಕಳೆದಂತೆ ಹಣೆ ತಿಳಿಯಾಯಿತು. ಅವ್ವ ಬೀದಿಗೆಲ್ಲ ತನ್ನ ಎಣ್ಣೆಯ ಮಹಿಮೆ ಸಾರಿದಳು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಜಯಮ್ಮ ಮಗಳನ್ನು ಕರೆತಂದರು. ಮುಖದ ತುಂಬ ಮೊಡವೆ; ವಾರದಲ್ಲಿ ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಅವ್ವ ಉತ್ಸಾಹದಿಂದ ಅಂಗೈಗೆ ಎಣ್ಣೆ ಸುರಿದುಕೊಂಡಳು. ನಾನು "ಬ್ಯಾಡ ಕಣವ್ವ!" ಎಂದು ಕೂಗಿ, ಡಾಕ್ಟರಮ್ಮನ ಮಾತು, ಬೋರ್‌ವೆಲ್ಲು, ಸೋಪು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ.

ಜಯಮ್ಮ ಮಗಳನ್ನು ಕರೆದುಕೊಂಡು ಹೊರಟುಹೋದರು. ಅವ್ವ ಸುರಿದುಕೊಂಡಿದ್ದ ಎಣ್ಣೆಯನ್ನು ತನ್ನ ಮೊಣಕೈಗೆ ಸವರಿಕೊಂಡಳು.

"ಕೋಪ ಏನವ್ವ?"

"ನಂಗ್ಯಾಕ್ಲಾ ಕೋಪ? ಮೊಡವೆ ಎತ್ಲಾಗಾದ್ರೂ ಹೋಗ್ಲಿ. ಈ ಮನೇಲಿ ನೀನು ಒಸಿ ಹೊತ್ತು ನನ್ ಮುಂದೆ ಕೂತಿದ್ದು ಎಣ್ಣೆ ಹಚ್ಚುವಾಗ್ಲೇ. ಇಲ್ದಿದ್ರೆ ಬಂದೆ ಅಂತೀಯ, ಹೊಂಟೆ ಅಂತೀಯ."

ನನಗೆ ತುಂಬ ಬೇಜಾರಾಯಿತು. ಇನ್ನು ಮೇಲೆ ದಿನಾ ಎಣ್ಣೆಯಿಲ್ಲದೆಯೇ ಕೂರುತ್ತೇನೆಂದು ಮಾತು ಕೊಟ್ಟು, ಅಲ್ಲೇ ಕೂತೂಬಿಟ್ಟೆ. ಮಳೆ ವಿಷಯ ಮಾತಾಡಿದೆವು. ಅವಳ ಮಂಡಿನೋವು ವಿಚಾರಿಸಿದೆ. ಆಮೇಲೆ ಮಾತು ತೋಚದೆ ಗಡಿಯಾರ ನೋಡಿದೆ. ಬೈಕಿನ ಕೀಗಾಗಿ ಜೇಬು ತಡಕಿದೆ.

ಅವ್ವ ಎಣ್ಣೆಯ ಬಟ್ಟಲನ್ನು ಹತ್ತಿರ ಎಳೆದುಕೊಂಡಳು.

"ಕಾಲು ಚಾಚು. ಅಂಗಾಲಿಗೆ ಹಚ್ತೀನಿ. ಎಣ್ಣೆ ಕಾಲಲ್ಲಿ ಎಲ್ಲಿಗ್ ಓಡೀಯೋ ನಾನೂ ನೋಡ್ತೀನಿ."