ಕೆಲೆಪಿ ಇಳಿಸಿದ ಹತ್ತು ಕಿಲೋ

ತೂಕ ನೋಡಿಸುವ ದಿನವೇ ಕೆಲೆಪಿಯ ಸೋದರತ್ತೆ ತೀರಿಕೊಂಡಳು. ಅತ್ತೆ ಸತ್ತರೆ ಸೊಂಟಕ್ಕೆ ದೊಡ್ಡ ಚಾಪೆ ಸುತ್ತಿಕೊಳ್ಳಬೇಕು. ಮಣ್ಣಾಗುವ ಮೊದಲು ಬಿಚ್ಚಿದರೆ ಟೋಂಗಾ ದ್ವೀಪದ ನಾಯಿಯೂ ಉಗಿಯುತ್ತದೆ.

ಶಾಲೆಯ ಕಾವಲುಗಾರ ಕೆಲೆಪಿಯ ಒಂದು ಕಾಲ್ಬೆರಳನ್ನು ಸಕ್ಕರೆ ಕಾಯಿಲೆ ಆಗಲೇ ನುಂಗಿತ್ತು, ಈಗ ಕಾಲಿನ ಮೇಲೆ ಕಣ್ಣಿಟ್ಟಿತ್ತು. ಹೊಟ್ಟೆ ಚಿಕ್ಕದು ಮಾಡುವ ಪುಕ್ಕಟೆ ಆಪರೇಶನ್ನಿಗೆ ಹೊರದೇಶದ ವೈದ್ಯರು ಬಂದಿದ್ದರು. ಆದರೆ ಮೊದಲು ಹತ್ತು ಕಿಲೋ ಇಳಿಸಿ ತೋರಿಸಬೇಕು. ಆಕ್ಲೆಂಡಿನಲ್ಲಿ ಓದಿ ಬಂದ ಡಾಕ್ಟರ್ ಉಂಗಾ "ಮೀನು, ತರಕಾರಿ ತಿನ್ನು" ಎಂದು ಅಪ್ಪಣೆ ಕೊಟ್ಟಿದ್ದಳು. ಊರಿನ ಮೀನು ವಿಮಾನ ಹತ್ತಿ ಉಳ್ಳವರ ತಟ್ಟೆಗೆ ಹೋಗುತ್ತದೆ. ಅವರು ಬೇಡವೆಂದ ಕುರಿಯ ಕೊಬ್ಬು ಹಡಗಿನಲ್ಲಿ ಇಲ್ಲಿಗೆ ಅಗ್ಗಕ್ಕೆ ಬರುತ್ತದೆ. ಕೆಲೆಪಿ ಅದೇ ಕೊಬ್ಬನ್ನು ಅರ್ಧ ತಿಂದು, ಇನ್ನರ್ಧದ ವಾಸನೆ ಕುಡಿದು ತಿಂಗಳುಗಟ್ಟಲೆ ಕಳೆದಿದ್ದ.

ಸಾವಿನ ಮನೆಯಲ್ಲಿ ನೆರೆಯ ಲೋಸಲೀನೆ ಮಾಂಸದ ತಟ್ಟೆ ತಂದಿಟ್ಟಳು.

"ಬೇಡ ಅಕ್ಕ, ಇವತ್ತು ತೂಕ ಇದೆ."

"ಅಳೋದಂತೂ ಅಳ್ಲಿಲ್ಲ, ಉಣ್ಣೋದಾದ್ರೂ ಉಣ್ಣೋ. ಸತ್ತೋಳಿಗೆ ಅಷ್ಟೂ ಮರ್ಯಾದೆ ಬೇಡ್ವಾ?"

ಕೆಲೆಪಿ ಮೂಗು ಮುಚ್ಚಿಕೊಂಡು ಆಸ್ಪತ್ರೆಗೆ ಕುಂಟಿದ. ಲೋಸಲೀನೆ ಬಿಡದೆ ಹಿಂದೆಯೇ ಬಂದಳು.

"ಬರೀ ಆರು ಕಿಲೋ ಇಳಿದಿದೆ" ಎಂದಳು ಡಾಕ್ಟರ್ ಉಂಗಾ. "ಆ ಚಾಪೆ ಬಿಚ್ಚು."

"ಹೆಂಗ್ ಬಿಚ್ಲಿ? ಅತ್ತೆ ಇನ್ನೂ ಮಣ್ಣಿಗೇ ಹೋಗಿಲ್ಲ."

ಲೋಸಲೀನೆ ಬಾಯಿ ಹಾಕಿದಳು. "ಇದರ ಜೋಡಿ ಚಾಪೆ ನಮ್ಮನೇಲಿದೆ. ಅದನ್ನ ತೂಗಿ ಕಳೀರಿ. ಅಷ್ಟು ಓದಿದೀರಿ, ಕಳೆಯೋ ಲೆಕ್ಕ ಬರಲ್ವಾ?"

ಜೋಡಿ ಚಾಪೆ ತರಿಸಿ ತೂಗಿದರು. ಕಳೆದು ನೋಡಿದರೆ ಹತ್ತು ಕಿಲೋ ಇಳಿದಿತ್ತು. ಕಾಲು ಉಳಿಯಿತೆಂದು ಕೆಲೆಪಿಯ ಕಣ್ಣಲ್ಲಿ ನೀರು ಬಂತು. ಅತ್ತೆ ಹೋದಾಗಲೂ ಬಂದಿರಲಿಲ್ಲ.

ಸುದ್ದಿ ಕೇಳಿ ಆರೋಗ್ಯ ಇಲಾಖೆಯ ನಿರ್ದೇಶಕರು ಏದುಸಿರು ಬಿಡುತ್ತ ಬಂದು ಎರಡು ಕುರ್ಚಿಗಳಲ್ಲಿ ಕೂತರು. "ನೋಡಿದ್ರಾ, ತೂಕಕ್ಕೂ ಸಂಬಳಕ್ಕೂ ಸಂಬಂಧ ಇಲ್ಲ. ಬೇಕಾದ್ದು ತಿಳಿವಳಿಕೆ" ಎಂದರು.

"ನಂಗೆ ಆಪರೇಶನ್ ಯಾವತ್ತು?" ಎಂದ ಕೆಲೆಪಿ.

"ನಿಂಗ್ಯಾಕಪ್ಪ?" ಎಂದಳು ಡಾಕ್ಟರ್. "ಕತ್ತಿ ಇಲ್ದೇನೇ ಇಳಿಸೋದು ನಿಂಗೆ ಬರತ್ತಲ್ಲ. ಪಾಪ, ನಿರ್ದೇಶಕರು ಮೀನು, ತರಕಾರಿ ತಿಂದೂ ಒಂದು ಕಿಲೋನೂ ಇಳೀಲಿಲ್ಲ. ನಿನ್ನ ಜಾಗ ಅವರಿಗೆ."

ಕೆಲೆಪಿಯನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಆರೋಗ್ಯ ರಾಯಭಾರಿ ಎಂದು ಹೂಮಾಲೆ ಹಾಕಿ, ಊರೂರು ಸುತ್ತಿ ಮಿತಾಹಾರದ ಭಾಷಣ ಮಾಡಲು ನೇಮಿಸಿದರು.

ಅತ್ತೆ ಮಣ್ಣಾದ ಮೇಲೆ ಮೊದಲ ಊರಿಗೆ ಹೋದ. ಭಾಷಣ ಮುಗಿಯುತ್ತಲೇ ಊರ ಹಿರಿಯ ಸುಟ್ಟ ಹಂದಿಯೊಂದನ್ನು ಇಡಿಯಾಗಿ ಅವನ ಮುಂದೆ ಇಡಿಸಿದ.

"ಬಹಳ ಚೆನ್ನಾಗಿ ಹೇಳಿದ್ರಿ ರಾಯಭಾರಿಗಳೇ. ಈಗ ಮುಗಿಸಿ. ಉಳಿಸಿದ್ರೆ ಊರಿಗೇ ಅವಮಾನ. ಮುಂದಿನೂರಿನೋರಂತೂ ನಿಮಗೆ ಅಂತ ಎರಡು ಹಂದಿ ಕಟ್ಟಿದಾರೆ."