ಇಲ್ಲದ ಮಹಡಿಯ ಕೋಣೆ

ವಕೀಲರಿಲ್ಲದೆ ಮನೆ ಕೊಳ್ಳುತ್ತೇನೆಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಆದ್ದರಿಂದ ಅವಳ ಕಣ್ಣೀರಿಗೆ ನಾನೇ ಕಾರಣವೆಂದು ಖಚಿತವಾಗಿ ಹೇಳಲಾರೆ.

"ಮುದ್ರಾಂಕ, ನೋಂದಣಿ ಸರ್ಕಾರದ್ದು, ತಪ್ಪಿಸೋ ಹಾಗಿಲ್ಲ," ಎಂದೆ. "ಆದ್ರೆ ದಾಖಲೆ ನೋಡೋದಕ್ಕೆ ಫೀಸು, ಪತ್ರ ಬರೆಯೋದಕ್ಕೆ ಫೀಸು, ಬರೆದಿದ್ದು ಸರಿಯಾಗಿದೆ ಅನ್ನೋದಕ್ಕೂ ಫೀಸು. ಅದೆಲ್ಲ ನಾನೇ ಮಾಡ್ತೀನಿ."

"ಹಲ್ಲು ನೋವು ಬಂದ್ರೆ ನೀವೇ ಕಿತ್ಕೋತೀರಾ?"

"ಹಲ್ಲು ಬೇರೆ, ಕಾಗದ ಬೇರೆ. ಪಂಪು ಮಾರೋ ಕಂಪನಿಗೆ ಇಷ್ಟು ವರ್ಷ ಕರಾರು ಪತ್ರ ಬರೆದೋನು ನಾನು."

"ಪಂಪಿನೊಳಗೆ ಯಾರೂ ವಾಸ ಮಾಡಲ್ಲ," ಎಂದು ಅವಳು ಮುಂದಿನ ಈರುಳ್ಳಿಗೆ ಕೈ ಹಾಕಿದಳು.

ನಾವು ಒಪ್ಪಿದ್ದು ಒಂಟಿ ಮನೆ. ಒಂದೇ ಅಂತಸ್ತು, ಎರಡು ಕೋಣೆ, ಹಿಂದೆ ಪುಟ್ಟ ಹಿತ್ತಲು. ಗುತ್ತಿಗೆಯ ಗೊಡವೆಯಿಲ್ಲ, ಗೋಡೆಯೂ ನಮ್ಮದು, ಗೋಡೆ ನಿಂತ ನೆಲವೂ ನಮ್ಮದು. ನಾನು ಟೊಂಕ ಕಟ್ಟಿ ನಿಂತೆ. ಹಳೆಯ ಮಾಲೀಕರ ವಂಶಾವಳಿಯನ್ನು ಅವರ ಮೊಮ್ಮಕ್ಕಳಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದೆ. ಮನೆಯ ಮೇಲೆ ಯಾರ ಸಾಲವೂ ಯಾರ ಹಕ್ಕೂ ಇಲ್ಲವೆಂದು ಹೇಳುವ ಋಣಭಾರ ಪತ್ರ ತಂದೆ. ನಿವೇಶನ ಅಳೆಯುವಾಗ ಪಕ್ಕದ ಮನೆಯ ನಾಯಿ ಟೇಪಿನ ಇನ್ನೊಂದು ತುದಿಯನ್ನು ಬಾಯಲ್ಲಿ ಹಿಡಿದು ಸಹಕರಿಸಿತು. ಎಲ್ಲ ಸುಸೂತ್ರ.

ಉಳಿದದ್ದು ಕ್ರಯಪತ್ರ. ನಮ್ಮ ಆಫೀಸಿನ ಕ್ಯಾಷಿಯರ್ ಹೋದ ವರ್ಷ ಮನೆ ಕೊಂಡಿದ್ದ. ಅವನ ಪತ್ರವನ್ನು ಕಂಪ್ಯೂಟರಿಗೆ ಹಾಕಿಸಿಕೊಂಡು, ಅವನ ಹೆಸರಿದ್ದಲ್ಲೆಲ್ಲ ನನ್ನ ಹೆಸರು, ಅವನ ವಿಳಾಸವಿದ್ದಲ್ಲೆಲ್ಲ ನನ್ನ ವಿಳಾಸ ತುಂಬಿದೆ. ಊಟದ ಬಿಡುವು ಮುಗಿಯುವಷ್ಟರಲ್ಲಿ ಪತ್ರ ಸಿದ್ಧ. ಇಷ್ಟಕ್ಕೆ ವಕೀಲರು ಕರಿ ಕೋಟು ಬೇರೆ ಹಾಕಿಕೊಳ್ಳುತ್ತಾರಲ್ಲ ಎಂದು ನಗು ಬಂತು.

ನೋಂದಣಿಯ ದಿನ ಅತ್ತೆಯೂ ಬಂದಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸ್ವಂತ ಮನೆಯಲ್ಲಿ ಒಬ್ಬರೇ ಹಾಯಾಗಿದ್ದರು; ಮಗಳ ಸಂಭ್ರಮ ನೋಡಲೆಂದು ಬಂದಿದ್ದರು, ಅಷ್ಟೆ. ಮನೆ ಮಾರುವವರು ಓದದೆಯೇ ಸಹಿಗೆ ಪೆನ್ನು ತೆಗೆದರು. ನೋಂದಣಿ ಅಧಿಕಾರಿ ಮಾತ್ರ ಬಿಡಲಿಲ್ಲ. ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು. ನನ್ನದೇ ಗದ್ಯ ಕೇಳುತ್ತ ನಾನು ಎದೆ ಉಬ್ಬಿಸಿ ನಿಂತಿದ್ದೆ.

"ಸದರಿ ಮನೆಯ ಮಹಡಿಯ ಕೋಣೆಯನ್ನು ಖರೀದಿದಾರರ ಅತ್ತೆಯವರು ತಮ್ಮ ಜೀವಮಾನ ಪರ್ಯಂತ ಯಾರ ಅಡ್ಡಿ ಆತಂಕವೂ ಇಲ್ಲದೆ ಅನುಭವಿಸತಕ್ಕದ್ದು."

ನನ್ನ ಎದೆ ಯಥಾಸ್ಥಾನಕ್ಕೆ ಮರಳಿತು. ಕ್ಯಾಷಿಯರನ ಮನೆಗೆ ಅರ್ಧ ಹಣ ಹಾಕಿದವರು ಅವನ ಅತ್ತೆ. ಆ ಷರತ್ತು ಅವರದು. ಅದರಲ್ಲಿ ಹೆಸರಿರಲಿಲ್ಲ, ಬರೀ 'ಅತ್ತೆ' ಎಂದಿತ್ತು. ಹೆಸರು ಹುಡುಕಿ ಬದಲಿಸಿದ ನನ್ನ ಜಾಣತನ ಅವರನ್ನು ಮುಟ್ಟದೆ ದಾಟಿ ಹೋಗಿತ್ತು.

"ಇದು ನೀವೇ ಬರೆಸಿದ್ದಾ?" ಅಧಿಕಾರಿ ಕೇಳಿದರು.

ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿ ಮೂಗು ಒರೆಸಿಕೊಳ್ಳುವ ಸದ್ದು.

"ಒಂದು ಮಾತೂ ಹೇಳಲಿಲ್ವಲ್ಲೇ ನಿನ್ನ ಗಂಡ," ಅತ್ತೆ ಮಗಳ ಕೈ ಹಿಡಿದುಕೊಂಡಿದ್ದರು. "ನನಗೋಸ್ಕರ ಮಹಡಿ ಕಟ್ಟಿಸ್ತಾರಂತೆ."

ಹೆಂಡತಿ ನನ್ನತ್ತ ನೋಡಿದಳು. ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ಹಾಗೆ ನೋಡಿದ್ದಳು. ಮತ್ತೆ ಈಗಲೇ. ಆ ನೋಟವನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

"ನಾನೇ ಬರೆಸಿದ್ದು," ಎಂದೆ. ಠಸ್ಸೆ ಬಿತ್ತು.

ಯಾರ ಹಕ್ಕೂ ಇಲ್ಲದ ಮನೆಗೆ ಹಕ್ಕುದಾರರನ್ನು ಕೈಯಾರೆ ಸೃಷ್ಟಿಸಿದ ನಾನು ಮರುದಿನ ಕಳ್ಳಹೆಜ್ಜೆಯಲ್ಲಿ ವಕೀಲರೊಬ್ಬರ ಕಚೇರಿ ಹೊಕ್ಕೆ. ಅವರು ಪತ್ರ ಓದಿ, ಕಿಟಕಿಯ ಹೊರಗೆ ನೋಡುತ್ತ ಬಹಳ ಹೊತ್ತು ಕೆಮ್ಮಿದರು. ಅದು ಕೆಮ್ಮಲ್ಲವೆಂದು ನನಗೆ ಗೊತ್ತಿತ್ತು.

"ಮಹಡಿ ಎಲ್ಲಿದೆ?"

"ಇಲ್ಲ ಸಾರ್."

"ಹಾಗಾದ್ರೆ ಎರಡೇ ದಾರಿ. ಕಟ್ಟಿಸಿ. ಇಲ್ಲ, ತಿದ್ದುಪಡಿ ಪತ್ರ ಮಾಡಿಸಿ, ನಿಮ್ಮ ಅತ್ತೆಯವರ ಸಹಿ ತನ್ನಿ. ಬೇಡ ಅಂತ ಅವರೇ ಹೇಳಬೇಕು."

"ಫೀಸು?"

ಅವರು ಹೇಳಿದರು. ಮೊದಲೇ ಬಂದಿದ್ದರೆ ಅದರಲ್ಲಿ ಅರ್ಧಕ್ಕೆ ಪೂರ್ತಿ ಕ್ರಯಪತ್ರವೇ ಆಗುತ್ತಿತ್ತು ಎಂದೂ ಹೇಳಿದರು. ಅದನ್ನು ಹೇಳಿದ್ದಕ್ಕೆ ಬೇರೆ ಫೀಸು ಹಾಕಲಿಲ್ಲ, ಪುಣ್ಯಾತ್ಮರು.

ಒಂದು ಭಾನುವಾರ ತಿದ್ದುಪಡಿ ಪತ್ರ ಜೇಬಿನಲ್ಲಿಟ್ಟುಕೊಂಡು ಅತ್ತೆಯ ಮನೆಗೆ ಹೋದೆ. ಜೊತೆಗೆ ಹೆಂಡತಿ. ದಾರಿಯಲ್ಲಿ ಅವಳಿಗೆ ನಿಜ ಒಪ್ಪಿಸಿದೆ. ಅವಳು ಬೈಯಲಿಲ್ಲ. "ಅಮ್ಮನಿಗೆ ನೀವೇ ಹೇಳಿ," ಎಂದಳು. ಬೈದಿದ್ದರೆ ವಾಸಿಯಿತ್ತು.

ಅತ್ತೆಯ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, "ಆ ಮಹಡಿ ವಿಷಯ..." ಎಂದೆ.

"ನಾನೂ ಅದನ್ನೇ ಯೋಚಿಸ್ತಿದ್ದೆ ಕಣಪ್ಪಾ," ಎಂದರು ಅವರು. "ನನಗೆ ಮಂಡಿ ನೋವು. ಮೆಟ್ಟಿಲು ಹತ್ತೋದಾಗಲ್ಲ. ಮಹಡಿ ಬೇಡ."

ನನಗೆ ಅವರ ಕಾಲು ಹಿಡಿಯಬೇಕೆನಿಸಿತು, ನೋಯುವ ಮಂಡಿ ಸಮೇತ. ಜೇಬಿಗೆ ಕೈ ಹಾಕಿದೆ.

"ಕಾಗದ ಏನಾದ್ರೂ ತಂದಿದ್ರೆ ತೆಗೀಬೇಡಿ. ನನ್ನ ವಕೀಲರು ಬರೆದುಕೊಟ್ಟಿದ್ದಾರೆ," ಎಂದು ಅತ್ತೆ ಮೇಜಿನ ಮೇಲಿದ್ದ ಕಾಗದವನ್ನು ನನ್ನತ್ತ ಸರಿಸಿದರು. "ಮಹಡಿ ಕೋಣೆ ಬಿಟ್ಟುಕೊಡ್ತೀನಿ. ಅದರ ಬದಲಿಗೆ ಕೆಳಗಡೆ, ಹಿತ್ತಲ ಕಡೆ ಇರೋ ಕೋಣೆ."

"ನಿಮಗ್ಯಾಕೆ ಅತ್ತೆ ವಕೀಲರು? ನನ್ನನ್ನೇ ಕೇಳಿದ್ರೆ..."

"ನೀವು ಬರೆಯೋದನ್ನ ಆವತ್ತು ಕೇಳಿದೆನಲ್ಲಪ್ಪಾ," ಎಂದು ಅವರು ಪೆನ್ನು ಕೊಟ್ಟರು.

ಹೆಂಡತಿ ಕಿಟಕಿಯ ಹೊರಗೆ ನೋಡುತ್ತ ಕೆಮ್ಮುತ್ತಿದ್ದಳು. ನಾನು ಆ ಕಾಗದವನ್ನು ಅಕ್ಷರ ಅಕ್ಷರವಾಗಿ ಓದಿದೆ. ಒಂದು ತಪ್ಪೂ ಇರಲಿಲ್ಲ. ಸಹಿ ಹಾಕಿದೆ.